ಇಪ್ಪತ್ನಾಕು ತಾಸಿನೊಳಗ

ಪರದೇಶದವರು ಮನ್ಯಾಗ ಇಳದ್ರ
ಇಪ್ಪತ್ನಾಕು ತಾಸಿನೊಳಗ ಪೊಲೀಸರಿಗೆ ತಿಳಿಸಬೇಕು,
ಅದಕ್ಕೊಂದು ಫಾರ್ಮು ಐತಿ.
ಕೋಂಢವಾದ ಸೈಬರ್ ಕೆಫೆ ಹುಡುಗ
ಗುಂಡಿ ಒತ್ತಕೋತ ಕೇಳಿದ:
ಹೆಸರು?

ಮ್ಫಾತ್ಸೊ, ಅಂದ್ಳು ಅಕಿ.
ಮೂರು ಸಲ ಅಂದ್ಳು.
ತುಟಿ ಮುಚ್ಚಿ ಸುರು ಆಗೋ ಹೆಸರು,
ನಮ್ಮ ಬಾಯಿಗೆ ಅದರ ಬಾಗಲಾನ ಸಿಗವಲ್ದು.
ಹದಿನೆಂಟು ವರ್ಷ. ಮಲಾವಿ ದೇಶದ ಝೋಂಬಾ ಊರು.
ನರ್ಸಿಂಗ್ ಓದಾಕ ಬಂದಾಕಿ,
ಒಂದು ಸೂಟ್‌ಕೇಸು, ಒಂದು ದಪ್ಪ ಕಂಬಳಿ.
ಪುಣೆ ಅಂದ್ರ ಥಂಡಿ ಅಂತ ಯಾರೋ ಹೇಳಿದ್ರಂತ.
ಅಕ್ಟೋಬರದ ಧಗ್ಯಾಗ ಆ ಕಂಬಳಿ ನೋಡಿದ್ರನ
ನನಗ ಬೆವರು ಇಳೀತಿತ್ತು.

ಮನಿ ಮಾಲಕರ ಹೆಸರು?
ದಾನವ್ವ ಕೋರಿ.
ಹುಡುಗ ತಲಿ ಎತ್ತಿದ:
ಮಾವಶಿ, ತುಮ್ಹೀ ಕುಠಲ್ಯಾ?
ಮೂವತ್ತು ವರ್ಷ ಆತು ಈ ಊರಾಗ,
ಎಲ್ಲಿಯಾಕಿ ಅಂತ ನನಗೂ ಕೇಳ್ತಾರ ಇನ್ನೂ.

ನಾ ಹದಿನೇಳಕ್ಕ ಇಂಡಿ ಟೇಸನ್ನಿನಾಗ ರೈಲು ಹತ್ತಿದಾಕಿ.
ಭವಾನಿ ಪೇಟ್ಯಾಗ ಕಿರಾಣಿ ಅಂಗಡಿ,
ಸಕ್ಕರಿ ಸಾಕು, ಬ್ಯಾಡ, ಬ್ಯಾಡ ಅಂದ್ರ
ಅಂವ ತಕ್ಕಡಿ ಕೆಳಗಿಟ್ಟ: ವೇಡಾ? ಯಾರಿಗಂತಿ?
ಹುಚ್ಚ ಅಂದೆ ಅಂತ ತಿಳದಾನ.
ಆಮ್ಯಾಲ ಒಂದು ವರ್ಷ
ನನಗ ಬ್ಯಾಡಾದ್ದೆಲ್ಲಾ ಮನಿಗೆ ತಂದೆ.

ಬಸ್ಸಿನ್ಯಾಗ ಮ್ಫಾತ್ಸೊನ ಬಾಜೂ ಸೀಟು ಖಾಲಿ ಇರ್ತಿತ್ತು,
ಮಂದಿ ನಿಂತಿದ್ರೂ.
ಅಕಿ ಸಣ್ಣ ಸಣ್ಣ ಹೆರಳು ಒಬ್ಬಾಕಿ ಕೇಳದನ ಮುಟ್ಟಿದ್ಳು,
ಎಳೇದೋ ಬಲತದ್ದೋ ಅಂತ ಬೆಂಡಿಕಾಯಿ ನೋಡಿದಂಗ.
ಮುಖಕ್ಕ ಓಢಣಿ ಸುತಗೊಂಡು
ಸ್ಕೂಟಿ ಮ್ಯಾಲ ಹೋಗೋ ಹುಡಿಗ್ಯಾರನ್ನ ನೋಡಿ
ಇವರೆಲ್ಲಾ ಯಾರಿಂದ ಅಡಗ್ಯಾರ, ಆಂಟಿ? ಅಂದ್ಳು.
ಬಿಸಲಿಂದ, ಅಂದೆ.
ಒಂದು ವಾರಕ್ಕ ತಾನೂ ಸುತಗೊಂಡ್ಳು.
ಬಿಸಲಿಗಲ್ಲ.

ಬಿಸಿ ರೊಟ್ಟಿ ಕೊಟ್ಟೆ ಒಂದಿನ, ಶೇಂಗಾ ಹಿಂಡಿ ಹಚ್ಚಿ.
ಒಂದು ಚೂರು ಮುರದು, ನಕ್ಕು, ತಾಟು ಸರಿಸಿದ್ಳು.
ಕತಿಯೊಳಗ ಆದಂಗ ಏನೂ ಆಗಲಿಲ್ಲ.

ಪ್ರಾಕ್ಟಿಕಲ್ ಸುರು ಆದ ದಿನ
ವಾರ್ಡಿನ್ಯಾಗ ಒಬ್ಬ ಮುದುಕ ಕೈ ಹಿಂದಕ್ಕೆಳಕೊಂಡನಂತ,
ಬಿಪಿ ಬ್ಯಾರೇದವರು ನೋಡ್ಲಿ ಅಂತ.
ಅವತ್ತ ರಾತ್ರಿ ಹನ್ನೊಂದಕ್ಕ ಪಾವಟಿಗಿ ಮ್ಯಾಲ ಕುಂತ್ಳು ಫೋನು ಹಿಡಕೊಂಡು.
ಅಲ್ಲಿ ಇನ್ನೂ ಏಳೂವರಿ.
ಅಕಿ ಮಾತು ನನಗೊಂದೂ ತಿಳೀದು,
ಒಂದು ಶಬ್ದ ಮಾತ್ರ ಕದದ ಸಂದ್ಯಾಗಿಂದ ಬರ್ತಿತ್ತು:
ಬ್ವಿನೋ. ಬ್ವಿನೋ, ಮಾಮಾ. ಬ್ವಿನೋ.
ಎಣಿಸಿದೆ, ಹನ್ನೊಂದು ಸಲ.
ಅರ್ಥ ಕೇಳಲಿಲ್ಲ ನಾ.
ನೀಲಿ ಇನ್‌ಲ್ಯಾಂಡ್ ಪತ್ರದಾಗ ನಾನೂ ಬರೀತಿದ್ನಿ ಅವ್ವಗ,
ಮ್ಯಾಲೊಮ್ಮೆ, ನಡುವೊಮ್ಮೆ,
ಅಂಟು ಹಚ್ಚೋ ಮಡಚಿನ್ಯಾಗೂ ಒಮ್ಮೆ:
ನಾ ಇಲ್ಲಿ ಆರಾಮ ಇದ್ದೀನಿ.

ಮೊನ್ನೆ ಮಂಡಯಿ ಹತ್ರ
ರಿಕ್ಷಾದವ ಮೀಟರ್ ಹಾಕಾಕ ಒಲ್ಲೆ ಅಂದ.
ನಾ ಪರ್ಸು ಬಿಚ್ಚೂದ್ರಾಗ ಇಕಿ ಕೆಳಗ ಇಳದು ನಿಂತ್ಳು,
ನಡಕ್ಕ ಕೈ, ಬಾಯಾಗ ಮರಾಠಿ. ಅಂಥಾ ಮರಾಠಿ
ಮೂವತ್ತೆರಡು ವರ್ಷದಾಗ ನನಗ ಬಂದಿಲ್ಲ.
ಅಂವ ಗಪ್ಪನ ಮೀಟರ್ ಹಾಕಿದ,
ಕನ್ನಡ್ಯಾಗ ನನ್ನ ನೋಡಿ ಅಕಿಗೆ ಕೇಳಿದ:
ಈ ಬಾಯಿ ಹೊರಗಿನವರೇನು?
ಹೌದು, ಅಂದ್ಳು ಮ್ಫಾತ್ಸೊ.
ಇಬ್ರೂ ನಗಲಾರದ ಕ್ಯಾಂಪ್ ಮಟಾ ಬಂದ್ವಿ.

ನಿನ್ನೆ ರಾತ್ರಿ ಪಾವಟಿಗಿ ಮ್ಯಾಲಿಂದ
ಬ್ವಿನೋ ಒಮ್ಮೆನೂ ಕೇಳಲಿಲ್ಲ.
ದನಿ ಏರಿತ್ತು. ಫೀಸು, ಡೆಂಗ್ಯೂ, ವೀಸಾ,
ಇವು ಅವರ ಮಾತಿನ್ಯಾಗೂ ಹಿಂಗನ ಇರ್ತಾವ.
ಆಮ್ಯಾಲ ದಾನವ್ವ, ದಾನವ್ವ, ಏನೋ ಚಾಡಿ.
ಒಮ್ಮೆ ಅತ್ತಂಗೂ ಆತು.
ತೆರೀಬೇಕಂತ ಚಿಲಕಕ್ಕ ಕೈ ಹಚ್ಚಿದೆ.
ಸಪ್ಪಳ ಆಗದಂಗ ಮತ್ತ ತಗದೆ.
ಹೇಳಲಿ.