ಎಡ ಮೂರು, ಬಿಗಿ

ಹನ್ನೊಂದು ವರ್ಷ ಅವನ ಪಕ್ಕದಲ್ಲಿ ಕೂತೆ,
ರಸ್ತೆ ನೋಡಲಿಲ್ಲ.
ಕಣ್ಣಿದ್ದುದೆಲ್ಲ ತೊಡೆಯ ಮೇಲಿನ ಪುಸ್ತಕದಲ್ಲಿ:
ಕೆಂಪು ರಟ್ಟಿನ, ಉದ್ದನೆಯ, ಮಂಡಿಯ ರೋಕಡಿ ಪುಸ್ತಕ.
ಮೆಕ್ಕೆಜೋಳದ ತೂಕ ಬರೆಯುವ ಕೈ ನನ್ನದು.
"ನಿನ್ನ ಅಕ್ಷರ ದುಂಡಗದಾವು, ಕುಲುಕಿದ್ರೂ ಓದಬಹುದು,
ಬಾರಪಾ ರುದ್ರಮುನಿ" ಎಂದು ಕರೆದ ಖಲಂದರ್.
ಅಷ್ಟೇ ನನ್ನ ಅರ್ಹತೆ.

ಅವನು ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಬೆಳೆದವನು.
ಸವೆದ ಟೈರು ತುಂಡರಿಸಿ ಒಲೆಗೆ ಹಾಕುವುದು ಅವನ ಪಾಲು.
ಹೊಗೆ ಮೂಸಿಯೇ ಹೇಳುತ್ತಿದ್ದನಂತೆ ಹುಡುಗ:
ಇದು ಲಾರಿಯದು, ಇದು ಟ್ರ್ಯಾಕ್ಟರಿನ ಮುಂದಿನದು,
ಇದು ಬ್ರೇಕು ಒತ್ತಿ ಒತ್ತಿಯೇ ಸತ್ತ ಯಾವುದೋ ಟ್ಯಾಕ್ಸಿಯದು.
ಎಷ್ಟೋ ವರ್ಷದ ಮೇಲೆ, ಎಂಜಿನ್ ಏರುವಾಗ
ಕಾದ ಮರಳಲ್ಲಿ ಅಕ್ಕಿ ಸಿಡಿಯುವ ಸದ್ದಿಗೆ ಕಿವಿಗೊಟ್ಟಂತೆ
ತಲೆ ವಾಲಿಸಿ, "ಹದ ಬಂತು" ಎನ್ನುತ್ತಿದ್ದ.

ನಸುಕಿಗೆ ಹೊರಡುತ್ತಿದ್ದೆವು, ಕೊಂಡಜ್ಜಿಯ ಆಚೆಗೆ,
ಇಲ್ಲವೆ ದುರ್ಗದ ಕಡೆ, ಗಾಳಿಯಂತ್ರ ಸಾಗಿಸಲು ಕಡಿದ
ಕೆಮ್ಮಣ್ಣಿನ ದಾರಿಗಳಿಗೆ.
ಒಮ್ಮೆ ಮೆಲ್ಲಗೆ ಹೋಗುವುದು. ಅವನು ಹೇಳುವುದು, ನಾನು ಬರೆಯುವುದು.
ಬಲ ಐದು, ಎಂಬತ್ತು, ಉಬ್ಬು.
ಎಡ ಮೂರು, ಬಿಗಿ, ಒಳಗೆ ಬಂಡೆ, ಕತ್ತರಿಸಬೇಡ.
ಬಲ ಕುಡುಗೋಲು.
ಇಂಗ್ಲಿಷಿನವರು ಆ ತಿರುವಿಗೆ ಹೆಣ್ಣುಮಕ್ಕಳ ಪಿನ್ನಿನ ಹೆಸರಿಟ್ಟಿದ್ದಾರೆ.
ನಮ್ಮ ಬಾಯಿಗೆ ಬಂದದ್ದು ಕುಡುಗೋಲು.
ಮರುದಿನ ಅದೇ ಸಾಲುಗಳು ನನ್ನ ಬಾಯಿಂದ ಹೊರಟು
ಅವನ ಮುಂಗೈಗೆ ಇಳಿಯುತ್ತಿದ್ದವು.

ಮೊದಲ ವರ್ಷ ಕಾರಿನ ಬಾಗಿಲ ಮೇಲೆ ಬೀಜದ ಕಂಪನಿ.
ಆಮೇಲೆ ಬ್ಯಾಟರಿ. ಆಮೇಲೆ ಅಗರಬತ್ತಿ.
ಕೊನೆಗೆ ಬರೀ ಬೂದು ಪ್ರೈಮರು.
ಎರಡು ಸಲ ಮಗುಚಿದೆವು; ಒಂದು ಸಲ ತಲೆಕೆಳಗಾಗಿ ನೇತಾಡುತ್ತಲೇ
ಮುಂದಿನ ಸಾಲು ಓದಿಬಿಟ್ಟೆ, ಅವನು ನಕ್ಕೂ ನಕ್ಕೂ ಸುಸ್ತಾದ.
ಗೆದ್ದ ಕಪ್ಪುಗಳಲ್ಲಿ ದೊಡ್ಡದನ್ನು ಅವರಮ್ಮ ಜೈಬುನ್ನಿಸಾ
ಭಟ್ಟಿಗೆ ಒಯ್ದರು. ಸೇರಿಗಿಂತ ತುಸು ಹೆಚ್ಚೇ ಹಿಡಿಯುತ್ತಿತ್ತು.
ಗಿರಾಕಿಗಳು ಅದರಲ್ಲೇ ಅಳೆಯಿರಿ ಎನ್ನುತ್ತಿದ್ದರು.

ಲೈಸೆನ್ಸಿನ ತಪಾಸಣೆಯ ದಿನ ಡಾಕ್ಟರು
ಅವನ ಕಣ್ಣಿಗೆ ಬೆಳಕು ಬಿಟ್ಟು ಬಹಳ ಹೊತ್ತು ಸುಮ್ಮನಿದ್ದರು.
ಇರುಳುಗುರುಡು.
ನೋಟ ಅಂಚಿನಿಂದ ಕಂದುತ್ತ, ಹೆಂಚಿನ ಮೇಲಿನ ದೋಸೆಯ ಹಾಗೆ
ಒಳಕ್ಕೆ ಸುರುಳುತ್ತ ಬಂದಿತ್ತು.
"ಎಷ್ಟು ದಿನದಿಂದ?"
ಅವನು ನನ್ನ ಕಡೆ ನೋಡದೆ ಹೇಳಿದ: "ಎರಡು ಸೀಸನ್."

ಎರಡು ಸೀಸನ್.
ಹಾಗಾದರೆ ಆ ರಾತ್ರಿಯ ಓಟಗಳಲ್ಲಿ,
ಒಂದು ಪಕ್ಕ ಕಣಿವೆ, ಮುಳ್ಳು ತೋರಿಸುತ್ತಿದ್ದುದು ನೂರಹತ್ತು,
ಒಬ್ಬ ಪುಸ್ತಕ ನೋಡುತ್ತಿದ್ದ,
ಒಬ್ಬ ಕತ್ತಲೆ ನೋಡುತ್ತಿದ್ದ,
ರಸ್ತೆಯನ್ನು ಯಾರೂ ನೋಡುತ್ತಿರಲಿಲ್ಲ.

ನನಗೂ ಮನೆ ಮಠ ಇತ್ತಲ್ಲೋ ಎಂದು ಕೂಗಾಡಿದೆ.
ಎಂಟು ತಿಂಗಳು ಆ ಬೀದಿಗೆ ಕಾಲಿಡಲಿಲ್ಲ.
ಮಂಡಿಯಲ್ಲಿ ಚೀಲದ ಲೆಕ್ಕ ಬರೆಯುತ್ತ ಬರೆಯುತ್ತ
ಒಂದು ತಪ್ಪು ನೆನಪಾಯಿತು.
ಒಂದು ರಾತ್ರಿ ಎರಡು ಹಾಳೆ ಅಂಟಿಕೊಂಡು ನಾನು ಎಡ ಅಂದಿದ್ದೆ.
ಅವನು ಬಲಕ್ಕೆ ತಿರುಗಿಸಿದ್ದ.
ಇದ್ದದ್ದು ಬಲವೇ.
ಹೇಗೆ ಅಂತ ಇನ್ನೂ ಕೇಳಿಲ್ಲ.

ಮೊನ್ನೆ ಹೊತ್ತು ಮುಳುಗುವಾಗ ಹೋದೆ. ಭಟ್ಟಿಯ ಮುಂದೆ ಕೂತಿದ್ದ,
ಕೆನ್ನೆಯ ಮೇಲೆ ಮಸಿ. ನನ್ನ ಚಪ್ಪಲಿಯ ಸದ್ದಿಗೇ
"ಕಾಯಿ ಜಾಸ್ತಿ ಹಾಕ್ಸು" ಎಂದು ಒಳಗೆ ಕೂಗಿ ಹೇಳಿದ.
ಒಗ್ಗರಣೆ ಮಂಡಕ್ಕಿ, ಎರಡು ಮಿರ್ಚಿ, ಮಾತಿಲ್ಲ.
ಕತ್ತಲಾಯಿತು. ಮನೆತನಕ ಬಿಡು ಎಂದ.
ಗಲ್ಲಿ ತುಂಬ ಹೊಟ್ಟಿನ ಚೀಲ, ಅಡ್ಡ ನಿಲ್ಲಿಸಿದ ಕೈಗಾಡಿ.
ಬರೆದದ್ದೇನೂ ಇರಲಿಲ್ಲ. ಗಂಟಲು ಸರಿಮಾಡಿಕೊಂಡು ಶುರುಮಾಡಿದೆ:
ಬಲ ಐದು, ಹತ್ತು ಹೆಜ್ಜೆ, ಚರಂಡಿ.
ಎಡ ಮೂರು, ಬಿಗಿ, ಒಳಗೆ ನಾಯಿ, ಕತ್ತರಿಸಬೇಡ.

ನನ್ನ ಹೆಗಲು ಬಿಟ್ಟು ಎರಡು ಹೆಜ್ಜೆ ಮುಂದೆಯೇ ನಡೆಯುತ್ತ
ಗೊಣಗಿದ:
"ತಡ ಮಾಡ್ತಿ. ತಿರುವಿಗಿಂತ ಮುಂಚೆ ಹೇಳ್ಬೇಕು."