ಗಾಲಿ ಬಡಿಯುವವರ ಕಿವಿ

ಟಾರ್ಟುವಿನಲ್ಲಿ ಫೆಬ್ರವರಿ. ಕಿಟಕಿಯಾಚೆ ನದಿ
ಬಿಳಿಯ ಹಲಗೆಯಾಗಿ ಬಿದ್ದಿದೆ.
ಹೆಲ್ದುರ್ ಪಿಹ್ಲಕ್, ವಯಸ್ಸು ಎಪ್ಪತ್ತೊಂದು,
ತುಪ್ಪಳದ ಟೊಪ್ಪಿಯನ್ನು ತೊಡೆಯ ಮೇಲಿಟ್ಟು
ಅರ್ಜಿ ತುಂಬುತ್ತಿದ್ದಾರೆ.
ಕಿವಿಯ ತೊಂದರೆ? ಇಲ್ಲ.
ಕೆಲಸ? ತಾಪಾ ಜಂಕ್ಷನ್ನಿನಲ್ಲಿ ಮೂವತ್ತೆಂಟು ವರ್ಷ
ರೈಲಿನ ಗಾಲಿ ಬಡಿದು ನೋಡುವುದು.
ಹಾಡುತ್ತೀರಾ?
ಪೆನ್ನು ನಿಂತಿತು. ಆಮೇಲೆ ಬರೆದರು: ಬಾಯಿ ತೆರೆಯುತ್ತೇನೆ.

ಕೇಳದಿದ್ದರೂ ಹೇಳಿದರು:
ಎರಡನೇ ಕ್ಲಾಸಿನಲ್ಲಿ ಟೀಚರು ಸಾಲಿನ ಹಿಂದೆ ಬಂದು
ಒಂದೊಂದೇ ಬಾಯಿಗೆ ಕಿವಿ ಹಚ್ಚಿ
ಇವರ ಹೆಗಲ ಮೇಲೆ ಎರಡು ಬೆರಳಿಟ್ಟರಂತೆ.
ನೀನು ತುಟಿ ಆಡಿಸು ಸಾಕು, ಮಗು.
ಬೈದಿದ್ದರೆ ಮರೆಯುತ್ತಿದ್ದೆ.
ಮಗು ಅಂದುಬಿಟ್ಟರಲ್ಲ.

ನಮ್ಮದು ಹಾಡುವ ನಾಡು. ಐದು ವರ್ಷಕ್ಕೊಮ್ಮೆ
ತಾಲಿನ್ನಿನ ಬಯಲಲ್ಲಿ ಇಪ್ಪತ್ತೈದು ಸಾವಿರ ಗಂಟಲು
ಒಂದೇ ಕೈಸನ್ನೆಗೆ ಉಸಿರೆಳೆಯುತ್ತವೆ.
ಹೆಂಡತಿ ಸೊಪ್ರಾನೊ, ಮಗಳು ಸೊಪ್ರಾನೊ,
ಅಳಿಯ ಕೂಡ ಏನೋ ಒಂದು.
ಇವರು ಜನರ ನಡುವೆ ನಿಂತು ಅರವತ್ತು ವರ್ಷ
ತುಟಿ ಆಡಿಸಿದರು. ಪದಗಳೆಲ್ಲ ಬಾಯಿಪಾಠ.
ಪಕ್ಕದವರಿಗೆ ಒಮ್ಮೆಯೂ ಗೊತ್ತಾಗಲಿಲ್ಲ.
ಅದೂ ಒಂದು ವಿದ್ಯೆಯೇ.

ಮೊದಲು ಗುಂಡಿಯ ಪರೀಕ್ಷೆ.
ಸ್ವರವೊಂದು ಕೇಳಿಸುತ್ತೇನೆ, ತಿರುಗಿಸಿ ತಿರುಗಿಸಿ ಅದಕ್ಕೆ ಕೂಡಿಸಬೇಕು.
ಒಂದು ಮನೆಯಿಂದ ಮುಂದಿನ ಮನೆಗೆ ನೂರು ಸೆಂಟು ದಾರಿ.
ಇವರು ತಪ್ಪಿದ್ದು ಮೂರು. ಮತ್ತೊಮ್ಮೆ: ಎರಡು.
ಯಂತ್ರ ಕೆಟ್ಟಿರಬೇಕೆಂದು ತಂತಿ ಕಳಚಿ ಮತ್ತೆ ಹಾಕಿದೆ.
ಎರಡು.

ಗಾಲಿ ಬಿರಿದದ್ದು ಹೇಗೆ ತಿಳಿಯುತ್ತದೆ, ಕೇಳಿದೆ.
ಒಳ್ಳೆಯ ಗಾಲಿ ಬಡಿದರೆ ತನ್ನ ಹೆಸರು ಹೇಳುತ್ತದೆ.
ಬಿರಿದದ್ದು ಕೆಮ್ಮುತ್ತದೆ.
ಕೂದಲೆಳೆಯಷ್ಟೇ ಬಿರುಕಾದರೆ ಕೆಮ್ಮು ನುಂಗಿಕೊಳ್ಳುತ್ತದೆ,
ಆ ನುಂಗಿದ್ದನ್ನು ಕೇಳಿಸಿಕೊಳ್ಳಬೇಕು.

ಈಗ ಹಾಡಿ, ಅಂದೆ. ಬರೀ ‘ಆ’. ಅದೇ ಸ್ವರ.
ಕೂತಲ್ಲೇ ಚಿಕ್ಕವರಾದರು.
ಗಂಟಲಲ್ಲಿ ಏನೋ ಹತ್ತಿತು, ಜಾರಿತು, ನಿಂತಿತು:
ಇನ್ನೂರ ನಲವತ್ತು ಸೆಂಟು ಕೆಳಗೆ.
ಗುರಿಯ ಹಸಿರು ಗೆರೆ ಎಲ್ಲೋ ಮೇಲೆ,
ಇವರ ಕೆಂಪು ಗೆರೆ ಕತ್ತಲಲ್ಲಿ ಮೆಟ್ಟಿಲು ತಡವಿದಂತೆ.
ತಪ್ಪಿದೆ, ಅಂದರು ನಾನು ಬಾಯಿ ತೆರೆಯುವ ಮುಂಚೆ.
ಎರಡು ಮನೆ, ಮೇಲೆ ಅರೆಮನೆಗಿಂತ ತುಸು ಕಡಿಮೆ.
ಲೆಕ್ಕ ಸರಿಯಾಗಿತ್ತು.

ದೋಷ ಕಿವಿಯದಾ, ಗಂಟಲಿನದಾ?
ನಡುವಿನ ದಾರಿಯದು, ಅಂದೆ.
ಬಹಳ ಹೊತ್ತು ಟೊಪ್ಪಿ ಸವರಿದರು.
ತಾಪಾದಲ್ಲಿ ಅದಕ್ಕೆ ಕವಲುಹಳಿಯ ರೋಗ ಅನ್ನುತ್ತಿದ್ದೆವು.
ಸಿಗ್ನಲ್ ಸರಿ, ಚಾಲಕ ಸರಿ,
ಗಾಡಿ ಹೋಗುವುದು ಮಾತ್ರ ಪಕ್ಕದ ಹಳಿಗೆ.

ಕೊನೆಯ ಪರೀಕ್ಷೆಯನ್ನು ಮೊದಲೇ ವಿವರಿಸುವಂತಿಲ್ಲ, ನಿಯಮ.
ಹೆಡ್‌ಫೋನಿನಲ್ಲಿ ಗಂಡಸೊಬ್ಬನ ‘ಆ’,
ಒರಟು, ಅಂಚು ಸವೆದದ್ದು.
ಕಣ್ಣು ಮುಚ್ಚಿ ಅದರ ಹಿಂದೆ ಹೋದರು.
ಕೆಂಪು ಗೆರೆ ಹಸಿರಿನ ಪಕ್ಕ ಬಂದು ಕೂತಿತು,
ಹದಿನಾಲ್ಕು ಸೆಂಟು ಅಂತರ ಬಿಟ್ಟು.
ಯಾರಿವನು? ಇವನ ಜೊತೆ ಸಲೀಸು.
ನೀವೇ. ಬೆಳಿಗ್ಗೆ ಮೈಕು ಸರಿಯಿದೆಯೇ ಎಂದು
ನೋಡುವಾಗ ಹಿಡಿದದ್ದು.

ಅವರೇನೂ ಅಳಲಿಲ್ಲ. ನಾನು ಕಾದೆ, ಸುಳ್ಳೇಕೆ.
ಇಷ್ಟು ಮುದಿಯನಾ, ಅಂದರು ಅಷ್ಟೇ.
ಹೊರಡುವಾಗ ಬಾಗಿಲ ಬಳಿಯ ರೇಡಿಯೇಟರನ್ನು
ಬೆರಳ ಗೆಣ್ಣಿನಿಂದ ಬಡಿದು, ಕತ್ತು ವಾಲಿಸಿ ನಿಂತು:
ಮೂರನೇ ಪಟ್ಟಿಯಲ್ಲಿ ಗಾಳಿ ಸೇರಿದೆ. ಬಿಡಿಸಿ.

ಆಮೇಲೆ ನಾನೂ ಅಲ್ಲೇ ಬಡಿದೆ.
ಬರೀ ಕಬ್ಬಿಣ ಕೇಳಿಸಿತು.
ಮತ್ತೆ ಬಡಿದು, ಸದ್ದು ಆರುವ ಮುನ್ನ
ಅದರ ಜೊತೆ ಮೆಲ್ಲಗೆ ಗುನುಗಿದೆ.
ಮೈಕು ಆರಿಸಿರಲಿಲ್ಲ. ಪರದೆಯ ಮೇಲೆ
ಕಬ್ಬಿಣದ ಗೆರೆ ನೇರ,
ನನ್ನದು ಹದಿನೆಂಟು ಸೆಂಟು ಕೆಳಗೆ.

ವಿಶ್ವವಿದ್ಯಾಲಯದ ಮೇಳದಲ್ಲಿ ಹನ್ನೊಂದು ವರ್ಷದಿಂದ
ಆಲ್ಟೋ ಹಾಡುತ್ತೇನೆ, ಎರಡನೇ ಸಾಲು, ಎಡಗಡೆ.
ಯಾರೂ ಹೆಗಲು ಮುಟ್ಟಿಲ್ಲ.