ಪಾಲಾಗದ ಬಾವಿ

ಹುಮನಾಬಾದದ ಹ್ಯಾಚರಿಯೊಳಗ ನನ್ನ ಕೆಲಸ:
ಕತ್ತಲ ಖೋಲಿ, ಒಂದು ಬಲ್ಬು, ಸಾವಿರ ತತ್ತಿ.
ಏಳನೇ ದಿನಕ್ಕ ಒಂದೊಂದೇ ಬೆಳಕಿಗಿ ಹಿಡೀಬೇಕು.
ಒಳಗ ಕೆಂಪು ನರ ಜೇಡನ ಕಾಲಿನಂಗ ಹರಡಿದ್ರ
ಜೀವ ಅದ, ಟ್ರೇದಾಗ ವಾಪಸ್.
ಬರೇ ಹಳದಿ ಮಂಜಿದ್ರ ಬಕೆಟಿಗಿ.
ತಾಸಿಗಿ ಎಂಟುನೂರು. ಕೈ ತಪ್ಪಂಗಿಲ್ಲ.

ಬೀದರಿಂದ ಟ್ರೇನಿಂಗಿಗಿ ಬಂದಿದ್ಲು ಮೇತ್ರೆರ ಸಂಘಮಿತ್ರಾ,
ದನದ ಡಾಕ್ಟರಕಿ ಓದಾಕಿ.
"ಜಗದೇವಕ್ಕಾ, ನೀ ಹಿಡದಿದ್ದು ಡೈನೋಸಾರ್ ತತ್ತಿ" ಅಂದ್ಲು.
ಡಜನ್ನಿಗಿ ಎಷ್ಟು, ಅಂತ ಕೇಳಿದೆ.
ಆಕಿ ನಗಲಿಲ್ಲ.
ಸತ್ತ ಮರೀದು ಕಾಲು ಹಿಡಿದು ತೋರಿಸಿದ್ಲು:
ಹುರುಪಿ ಮ್ಯಾಲ ಹುರುಪಿ, ಮುಂದ ಮೂರು ಬೆರಳು, ಉಗುರು.
"ದೊಡ್ಡವು ಸತ್ತ್ವು. ಪುಕ್ಕ ಇದ್ದ ಸಣ್ಣವು ಒಂದಿಷ್ಟು ಉಳಕೊಂಡ್ವು.
ಕೋಳಿ ಅವುಗಳ ಹಂಗಲ್ಲ ಅಕ್ಕಾ, ಅವೇ."

ಮೊಸಳಿ?
"ಕೋಳಿಗಿ ದೊಡ್ಡಪ್ಪನ ಮಗ."
ಗ್ವಾಡಿ ಮ್ಯಾಲಿನ ಹಲ್ಲಿ? ಮೊಸಳಿ ಮಾರಿನೇ ಅದಲ್ಲ ಅದಕ್ಕ?
"ಮಾರಿ ನೋಡಿ ಬಳಗ ಹೇಳಬ್ಯಾಡ. ಹಲ್ಲಿ ದೂರದ್ದು,
ಮುತ್ತಜ್ಜನ ತಮ್ಮನ ಕಡೀದು."
ಮತ್ತ ನಾವು?
"ನಾವು ಅವರೆಲ್ಲಾರಕಿಂತ ಮೊದಲ ಬ್ಯಾರಿ ಆದ ಮನಿ."

ಪಾಲಿನ ಮಾತು ನನಗ ಲಗು ತಿಳೀತದ.
ಮಾವನ ಮನ್ಯಾಗ ಹೊಲ ಹಂಚಿದ್ರು, ಎತ್ತು ಹಂಚಿದ್ರು,
ಬಾವಿ ಒಂದು ಕಡಿಲಿಕ್ಕ ಬರಲಿಲ್ಲ.
ಆ ಬಾವ್ಯಾಗ ಮ್ಯಾಲ ಕೆಂಪು ಕಲ್ಲು, ಕೆಳಗ ಕರಿ ಕಲ್ಲು.
ಆ ಕರಿದು ಒಮ್ಮೆ ಬೆಂಕಿ ಆಗಿ ಹರದಿತ್ತಂತ ಈ ಸೀಮಿ ತುಂಬ,
ದೊಡ್ಡವು ಸಾಯೋ ಕಾಲಕ್ಕ.
ನಾವು ಅದರ ಮ್ಯಾಲ ಅರಿವಿ ಒಗೀತೀವಿ.

ನಮ್ಮ ಪಾಲಿಗಿ ಕೂದಲ ಬಂತು, ಹಾಲು ಬಂತು.
ಮೊದಮೊದಲು ನಮ್ಮ ಕಡೀದವರೂ ತತ್ತಿ ಇಡ್ತಿದ್ರಂತ;
ಆಸ್ಟ್ರೇಲಿಯಾದಾಗ ಒಂದಿಬ್ಬರು ಇನ್ನಾ ಇಡ್ತಾರಂತ,
ಇಟ್ಟು, ಮರೀಗಿ ಹಾಲೂ ಕುಡಿಸ್ತಾರಂತ!
ಅಂಥ ಅತ್ತಿ ನಮ್ಮ ಓಣ್ಯಾಗೂ ಒಬ್ಬಾಕಿ ಇದ್ದಾಳ,
ಯಾವ ಕಡೀಗೂ ಪೂರಾ ಸೇರಲಾರದಾಕಿ.
"ಆದ್ರ ಒಳಗಿನ ನೀರು ಎಲ್ಲಾರದೂ ಒಂದೇ" ಅಂದಿದ್ಲು ಸಂಘಮಿತ್ರಾ,
"ಹಲ್ಲೀದು, ಕೋಳೀದು, ನಿಂದು."
ನಾ ಆಗ ಕೇಳಿ ಬಿಟ್ಟೆ. ಟ್ರೇ ತುಂಬೋದಿತ್ತು.

ಮಂಗಳವಾರ ನುಜಹತ್ ಡಾಕ್ಟರ್ ಹೊಟ್ಟಿಗಿ ತಣ್ಣಂದು ಸವರಿದ್ರು.
ಕತ್ತಲ ಖೋಲಿ. ಒಂದು ಬೆಳಕು.
ಹೋದ ವರ್ಷ ಇದೇ ಪರದೆದಾಗ ಬರೇ ಮಂಜು ಕಂಡಿತ್ತು;
ಯಾರೂ ಏನೂ ಅನ್ನಕಿಂತ ಮೊದಲ ನನಗ ತಿಳಿದಿತ್ತು.
ಕೆಲಸದ ಕಣ್ಣು ಅದು, ಮುಚ್ಚಂಗಿಲ್ಲ.

"ಇದು ನೀರಿನ ಚೀಲ" ಅಂದ್ರು.
ಬಾವಿ ನೆನಪಾಯ್ತು.
"ಇದು ಕೂಸು, ತೊಗರಿಕಾಳಿನಷ್ಟು.
ಬಾಜೂಕ ಬಳಿ ಹಂಗ ಕಾಣೋದು ಹಳದಿ ಚೀಲ."
ನಾ ಎದ್ದು ಕುಂಡರಲಿಕ್ಕ ಹೋದೆ.
ಹಳದಿ ಅದ ಏನ್ರಿ ಅದರಾಗ?
"ಇಲ್ಲವಾ, ಖಾಲಿ. ಹೆಸರಷ್ಟೇ. ಮುಂದ ಕರಗತದ."

ಬ್ಯಾರಿ ಆಗುವಾಗ ಹಳೇ ಮನೀದೊಂದು ಹಂಡೆ
ನಾವೂ ಹೊತ್ತು ತಂದೀವಿ,
ಕಾಸಲಿಕ್ಕ ನೀರಿಲ್ಲ, ಒಗೀಲಿಕ್ಕ ಮನಸಿಲ್ಲ.

ಆಮ್ಯಾಲ ತೊಗರಿಕಾಳಿನ ನಡುವ ಒಂದು ಚುಕ್ಕಿ
ಮಿಣುಕ್ ಮಿಣುಕ್ ಅಂತು.
ಗ್ವಾಡಿ ಮ್ಯಾಲ ಹಲ್ಲಿ ಲೊಚ್‌ಗುಟ್ಟಿತು. ಹೌದಂದಿತೋ ಏನೋ,
ದೂರದ್ದಾದರೂ ಬಳಗ.

ಮರುದಿನ ತಾಸಿಗಿ ಆರುನೂರೇ ಆಯ್ತು ನಂದು.
ಸೂಪರ್‌ವೈಜರ್ ಬೈದ.
ಬೈಲಿ. ದಾಯಾದಿಗಳ ಕೂಸು ಅವು,
ನೋಡಿ ಇಡಬೇಕಾಗ್ತದ.